ಕುಂಟ ಕಪ್ಪೆಗೆ ಮರಲ್ ಬಂದೀತೆ?



ಗಾಳ ಹಿಡಿದು ಕೆರೆಯ ದಡದಲ್ಲಿ ಕೂತವನನ್ನು ಕಂಡರೆ ಕೆಲಸವಿಲ್ಲದವನು ಎನ್ನುವುದು ನಮ್ಮಲ್ಲಿ ವಾಡಿಕೆ. ಮೀನು ಹಿಡಿಯುವುದಕ್ಕೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಲೂಬಹುದು. ಆದರೆ ಗಾಳದ ತುದಿಗೆ ಎರೆಹುಳುವಿನ ಬದಲು ಮನುಷ್ಯ ತಾನೇ ಮಾಡಿದ ಒಂದು ಸುಳ್ಳು ವಸ್ತುವನ್ನು ಕಟ್ಟಿದ ಕ್ಷಣದಿಂದ ಅದು ಪ್ರಯೋಗವಾಗುತ್ತದೆ. ಮೀನು ಏನನ್ನು ನೋಡುತ್ತದೆ, ಏನನ್ನು ಕೇಳುತ್ತದೆ, ಯಾವುದನ್ನು ಆಹಾರವೆಂದು ನಂಬುತ್ತದೆ ಎಂಬ ನಮ್ಮ ಊಹೆ ಆ ವಸ್ತುವಿನ ಆಕಾರದಲ್ಲಿ ಅಡಗಿರುತ್ತದೆ. ಇಂಥ ಸುಳ್ಳು ಆಹಾರವನ್ನು ನಾನು ಇಲ್ಲಿ ಹುಸಿಎರೆ ಎಂದು ಕರೆಯುತ್ತೇನೆ.

ನಾವು ಮಾತನಾಡಲಿರುವುದು ಬೀದರ್ ಜಿಲ್ಲೆಯ ನೀರಿನ ಬಗ್ಗೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳ ಕಪ್ಪು ನೆಲವನ್ನು ಹಾದು ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಇದೆ. ಈ ನದಿಗಳಲ್ಲಿ, ಹಿನ್ನೀರಿನಲ್ಲಿ, ಊರೂರಿನ ಕೆರೆಗಳಲ್ಲಿ ಬೇಟೆಯಾಡಿ ಬದುಕುವ ಮೀನುಗಳಲ್ಲಿ ಎರಡು ಮುಖ್ಯ. ಒಂದು ಬಾಳೆಮೀನು, ಅಗಲವಾದ ಬಾಯಿ, ಉದ್ದ ಮೀಸೆ, ಹೆಚ್ಚಾಗಿ ಕತ್ತಲಲ್ಲಿ ಸಂಚಾರ. ಇನ್ನೊಂದು ಮರಲ್. ದಕ್ಷಿಣದ ಜಿಲ್ಲೆಗಳವರು ಕೊರವ ಎಂದರೆ, ಗಡಿಯಾಚೆಯ ತೆಲುಗರು ಕೊರಮೀನು ಎನ್ನುತ್ತಾರೆ. ತೆಲಂಗಾಣ ಇದನ್ನು ತನ್ನ ರಾಜ್ಯಮೀನಾಗಿ ಆರಿಸಿಕೊಂಡಿದೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಜೀವಂತ ಮರಿಮೀನು ನುಂಗಿಸುತ್ತಾರಲ್ಲ, ಆ ಮರಿಯೂ ಇದೇ ಮರಲ್‌ನದು. ಆ ಔಷಧಿಯ ಗುಣದೋಷ ಬೇರೆಯೇ ಮಾತು, ಇಲ್ಲಿ ಬೇಡ.

ಮರಲ್ ವಿಚಿತ್ರ ಜೀವಿ. ಕಿವಿರು ಇದ್ದೂ ಅದಕ್ಕೆ ಕಿವಿರು ಸಾಲದು. ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ, ಗಾಳಿಯನ್ನು ಉಸಿರಾಡಲು ಒಂದು ವಿಶೇಷ ಅಂಗವಿದೆ. ಆದ್ದರಿಂದ ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಕೆರೆ ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಜೀವ ಹಿಡಿದುಕೊಳ್ಳುವುದೂ, ಮಾರುಕಟ್ಟೆಯ ಬುಟ್ಟಿಯಲ್ಲಿ ಗಂಟೆಗಟ್ಟಲೆ ಮಿಸುಕಾಡುವುದೂ ಇದೇ ಕಾರಣದಿಂದ. ಮೇಲೆ ಬರಲೇಬೇಕಾದ ಪ್ರಾಣಿಗೆ ಮೇಲಿನ ಬೇಟೆಯೇ ರೂಢಿ. ನೀರಿನ ಮೇಲೆ ಈಜುವ ಕಪ್ಪೆ ಅದರ ಇಷ್ಟದ ಊಟ.

ಇದನ್ನು ಬಲ್ಲವರು ಮರಲ್ ಹಿಡಿಯಲು ಬಹುಕಾಲದಿಂದ ಜೀವಂತ ಕಪ್ಪೆಯನ್ನೇ ಕೊಕ್ಕೆಗೆ ಚುಚ್ಚಿ ಜೊಂಡಿನ ಅಂಚಿನಲ್ಲಿ ಆಡಿಸುತ್ತಾರೆ. ಕಪ್ಪೆಗೆ ಅದು ಎಂಥ ಸಾವು ಎಂಬುದನ್ನು ವಿವರಿಸಬೇಕಿಲ್ಲ. ಕರುಣೆಯ ಮಾತು ಬದಿಗಿಟ್ಟರೂ ಲೆಕ್ಕ ಸರಿಬರುವುದಿಲ್ಲ. ಕಪ್ಪೆ ಹೊಲದ ಕೀಟಗಳನ್ನು ತಿನ್ನುವ ಪ್ರಾಣಿ. ಒಂದು ಕಾಲದಲ್ಲಿ ಕಪ್ಪೆಯ ಕಾಲುಗಳನ್ನು ಹೊರದೇಶಗಳಿಗೆ ಕಳಿಸಿ ಹಣ ಮಾಡಿದ ನಮ್ಮ ದೇಶ, 1987ರಲ್ಲಿ ಆ ರಫ್ತನ್ನು ನಿಷೇಧಿಸಿತು. ಹಾಗಾದರೆ ಕಪ್ಪೆಯ ಬದಲು ಕಪ್ಪೆಯಂಥದ್ದೊಂದನ್ನು ಎಸೆದರೆ?

ಈ ಯೋಚನೆ ಹೊಸದಲ್ಲ. ಅಮೆರಿಕದ ವರ್ಮಾಂಟಿನ ಜೂಲಿಯೋ ಬ್ಯೂಲ್ ಎಂಬುವರ ಕೈಯಿಂದ ಊಟದ ಚಮಚ ಸರೋವರಕ್ಕೆ ಜಾರಿತಂತೆ. ಅದು ಹೊಳೆಯುತ್ತ ಮುಳುಗುವಾಗ ದೊಡ್ಡ ಮೀನೊಂದು ಬಂದು ಹಿಡಿಯಿತಂತೆ. ಕಥೆ ಎಷ್ಟು ನಿಜವೋ, ಚಮಚದ ಆಕಾರದ ಹುಸಿಎರೆಗೆ ಅವರು 1852ರಲ್ಲಿ ಪೇಟೆಂಟು ಪಡೆದದ್ದಂತೂ ನಿಜ. ನಮ್ಮ ನಾಡಿಗೂ ಈ ವಿದ್ಯೆಯ ನಂಟಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್, ಭಾರತದ ಮೀನುಗಳನ್ನು ಗಾಳದಿಂದ ಹಿಡಿಯುವ ಬಗೆಯನ್ನು ಕುರಿತ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು 1873ರಲ್ಲಿ ಪ್ರಕಟಿಸಿದರು. ಮೀನು ಹಿಡಿಯುವ ಹುಚ್ಚಿನ ಈ ಅಧಿಕಾರಿಯೇ ಹೊಳೆಯ ಮೀನುಗಳು ಉಳಿಯಬೇಕಾದರೆ ಏನು ಮಾಡಬೇಕು ಎಂದು ಸರಕಾರಕ್ಕೆ ವರದಿ ಬರೆದವರು ಎಂಬುದನ್ನು ಗಮನಿಸಿ.

ಆದರೆ ನನಗೆ ತುಂಬ ಹಿಡಿಸಿದ ಕಥೆ ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಬಡ ಮೀನುಗಾರನದು. ಆತ ದೋಣಿಯಲ್ಲಿ ಕೂತು ಸುಮ್ಮನೆ ನೋಡಿದ. ಚಿಕ್ಕ ಮೀನುಗಳ ಹಿಂಡಿನ ಮೇಲೆ ದೊಡ್ಡ ಮೀನು ಎರಗುವಾಗ ಯಾವುದನ್ನು ಆರಿಸಿಕೊಳ್ಳುತ್ತದೆ? ನೇರವಾಗಿ ಈಜುವುದನ್ನಲ್ಲ, ಗಾಯಗೊಂಡು ವಾಲಾಡುತ್ತ ಈಜುವುದನ್ನು. 1936ರಲ್ಲಿ ಆತ ಬೆಂಡಿನ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ಹೊಳೆಯುವ ಹಾಳೆ ಸುತ್ತಿ, ಹಾಗೆ ವಾಲಾಡುವ ಒಂದು ಹುಸಿಮೀನು ಮಾಡಿದ. ಮೇಲಿನ ಲೇಪಕ್ಕೆ ಮೆರುಗೆಣ್ಣೆ ಕೊಳ್ಳಲು ಹಣವಿರಲಿಲ್ಲ. ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಫಿಲ್ಮಿನೊಂದಿಗೆ ಬದುಕಿದ ನಮ್ಮಂಥವರಿಗೆ ಈ ಸಂಗತಿ ಓದಿದಾಗ ಸ್ವಲ್ಪ ಕಸಿವಿಸಿ, ಸ್ವಲ್ಪ ಸಂತೋಷ. 1962ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಆ ಬೆಂಡಿನ ಮೀನು ಲೋಕಪ್ರಸಿದ್ಧವಾಯಿತು.

ರಾಪಾಲಾ ಕಂಡ ಆ ಕುಂಟುನಡೆಯನ್ನು ನಮ್ಮ ಕಪ್ಪೆಗೆ ಕೊಟ್ಟರೆ ಹೇಗೆ? ಇದೇ ನಾವು ಕೈಗೆತ್ತಿಕೊಂಡ ಪ್ರಶ್ನೆ. ಅಂಗಡಿಯಲ್ಲಿ ರಬ್ಬರಿನ ಕಪ್ಪೆಗಳು ಸಿಗುತ್ತವೆ. ಅವೆಲ್ಲ ಎರಡೂ ಕಡೆ ಸಮನಾಗಿ, ಕನ್ನಡಿಯಲ್ಲಿ ನೋಡಿದಂತೆ ಇರುತ್ತವೆ. ಎಳೆದರೆ ನೇರ ಬರುತ್ತವೆ. ಕಾಲೊಂದು ಉದ್ದ, ಒಂದು ಗಿಡ್ಡ ಇರುವ, ಎಳೆದಾಗ ಓರೆಯಾಗಿ ಒದ್ದಾಡುತ್ತ ಬರುವ ಕಪ್ಪೆಯನ್ನು ಯಾರೂ ಬೇಕೆಂದು ಮಾಡುವುದಿಲ್ಲ. ನಾವು ಅದನ್ನೇ ಬೇಕೆಂದು ಮಾಡಿದೆವು.

ಸಾಮಾನು ಎಲ್ಲ ಬೀದರ್ ನಗರದಲ್ಲೇ ಸಿಕ್ಕಿತು. ಖರ್ಚು ಇಲ್ಲವೆಂದೇ ಹೇಳಬೇಕು. ಸವೆದ ಹವಾಯಿ ಚಪ್ಪಲಿ ಒಂದು, ಸೈಕಲ್ ಟ್ಯೂಬಿನ ತುಂಡು, ಒಂದಿಷ್ಟು ತಾಮ್ರದ ತಂತಿ, ನೈಲಾನ್ ದಾರ. ಚಪ್ಪಲಿಯ ಅಟ್ಟೆಯಿಂದ ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ ಕಪ್ಪೆಯ ಮೈ ಮಾಡಿ. ಆ ರಬ್ಬರಿನೊಳಗೆ ಗಾಳಿಯ ಗುಳ್ಳೆಗಳಿರುವುದರಿಂದ ಅದು ತೇಲುತ್ತದೆ. ಆರ್ಕಿಮಿಡೀಸನ ತತ್ವ ನಿಮಗೆ ಗೊತ್ತೇ ಇದೆ. ಮುಂಭಾಗವನ್ನು ಬಟ್ಟಲಿನಂತೆ ಸ್ವಲ್ಪ ತೋಡಿ. ಎಳೆದಾಗ ಆ ಗುಳಿ ನೀರನ್ನು ದೂಡಿ ‘ಗಳಕ್’ ಎಂದು ಸದ್ದು ಮಾಡುತ್ತದೆ. ತಾಮ್ರದ ತಂತಿಯನ್ನು ಹಿಂಭಾಗಕ್ಕೆ ಸುತ್ತಬೇಕು. ಮುಂದಕ್ಕೆ ಸುತ್ತಿದರೆ ಎಳೆದ ಕೂಡಲೇ ಕಪ್ಪೆ ತಲೆ ತಗ್ಗಿಸಿ ನೀರೊಳಗೆ ನುಗ್ಗುತ್ತದೆ. ಹಿಂದಕ್ಕೆ ಸುತ್ತಿದರೆ ತಲೆಯೆತ್ತಿ ಕೂರುತ್ತದೆ. ಇದಕ್ಕೆ ದಡಕ್ಕೆ ಹೋಗಬೇಕಿಲ್ಲ, ಮನೆಯ ಬಕೆಟ್ಟಿನಲ್ಲೇ ನೋಡಬಹುದು. ಟ್ಯೂಬಿನ ಎರಡು ಪಟ್ಟಿಗಳೇ ಕಾಲುಗಳು.

ಹೀಗೆ ಎರಡು ಕಪ್ಪೆ ಮಾಡಬೇಕು. ಒಂದೇ ಚಪ್ಪಲಿ, ಒಂದೇ ಅಳತೆ, ಒಂದೇ ತೂಕ, ಒಂದೇ ಬಣ್ಣ. ವ್ಯತ್ಯಾಸ ಒಂದರಲ್ಲಿ ಮಾತ್ರ: ಮೊದಲನೆಯದಕ್ಕೆ ಕಾಲುಗಳು ಸಮ, ಎರಡನೆಯದಕ್ಕೆ ಬಲಗಾಲು ಎಡಗಾಲಿನ ಅರ್ಧ. ಗಿಡ್ಡ ಕಾಲಿನಿಂದ ಕಡಿಮೆಯಾದ ರಬ್ಬರಿನ ತೂಕವನ್ನು ತಂತಿಯ ಒಂದು ಸುತ್ತು ಹೆಚ್ಚಿಸಿ ಸರಿದೂಗಿಸಿ. ಇಷ್ಟು ಹಠ ಏಕೆಂದರೆ, ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿದರೆ ಮೀನು ಯಾವುದಕ್ಕೆ ಬಂತೆಂದು ಹೇಳಲಾಗದು.

ಬಣ್ಣ ಯಾವುದಿರಲಿ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ನನ್ನ ಉತ್ತರ ಕಪ್ಪು. ಪಿ.ಯು.ಸಿ.ಯಲ್ಲಿ ನೀವು ಸಂಪೂರ್ಣ ಆಂತರಿಕ ಪ್ರತಿಫಲನ ಓದಿರುತ್ತೀರಿ. ನೀರಿನಿಂದ ಗಾಳಿಗೆ ಬೆಳಕಿನ ಕ್ರಾಂತಿಕ ಕೋನ ಸುಮಾರು 48.6 ಡಿಗ್ರಿ. ಹಾಗಾಗಿ ಕೆಳಗಿನಿಂದ ಮೇಲೆ ನೋಡುವ ಮೀನಿಗೆ ಆಕಾಶವೆಲ್ಲ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಂತೆ ಕೆರೆಯ ಒಳಗನ್ನೇ ತೋರಿಸುತ್ತದೆ. ಬೆಳ್ಳಗಿನ ಆ ಕಿಟಕಿಗೆ ಅಡ್ಡ ಬಂದ ಕಪ್ಪೆ ಹಸಿರಾಗಿದ್ದರೇನು, ಹಳದಿಯಾಗಿದ್ದರೇನು? ಕೆಳಗಿನಿಂದ ಕಾಣುವುದು ಕಪ್ಪು ನೆರಳು. ಬಿದರಿ ಕುಸುರಿಯವರಿಗೆ ಕಪ್ಪಿನ ಬೆಲೆ ಗೊತ್ತು. ಬೆಳ್ಳಿಯ ಗೆರೆ ಎದ್ದು ಕಾಣಲೆಂದೇ ಅವರು ಸತುವಿನ ಪಾತ್ರೆಯನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಇಲ್ಲಿ ಅದು ತಿರುವುಮುರುವು, ಹೊಳಪಿನ ಮೇಲೆ ಕಪ್ಪು.

ಕಣ್ಣಿಗಿಂತ ಮಿಗಿಲಾದ ಇನ್ನೊಂದು ಇಂದ್ರಿಯ ಮೀನಿಗಿದೆ. ಅದರ ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಸಣ್ಣ ರಂಧ್ರಗಳ ಸಾಲು ಇರುತ್ತದೆ. ಇದು ಪಾರ್ಶ್ವರೇಖೆ. ಹತ್ತಿರದ ನೀರಿನ ಅಲುಗಾಟ ಇದಕ್ಕೆ ತಿಳಿಯುತ್ತದೆ. ಮಳೆಗಾಲದಲ್ಲಿ ಮಾಂಜ್ರಾದ ನೀರು ಕೆಸರಾಗಿ ಗೇಣುದ್ದ ಮುಂದೆ ಕಾಣದಿದ್ದಾಗ ಬೇಟೆಗೆ ಇದು ದೊಡ್ಡ ಆಸರೆ. ಸಮ ಕಾಲಿನ ಕಪ್ಪೆ ನೀರನ್ನು ಎರಡೂ ಕಡೆ ಒಂದೇ ತೆರನಾಗಿ ಕದಡುತ್ತದೆ. ಕುಂಟ ಕಪ್ಪೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕದಡುತ್ತದೆ. ಈ ತಾಳತಪ್ಪಿದ ಅಲುಗಾಟವೇ ಮರಲ್‌ಗೆ ‘ಇದು ಓಡಲಾರದ್ದು’ ಎಂಬ ಸುದ್ದಿ ಕೊಡುತ್ತದೆಯೆಂಬುದು ನಮ್ಮ ಊಹೆ. ಊಹೆ ಅಷ್ಟೆ, ಸಿದ್ಧಾಂತವಲ್ಲ.

ಚಪ್ಪಲಿಯ ತುಂಡಿಗೂ ಕಪ್ಪೆಗೂ ಎಲ್ಲಿಯ ಹೋಲಿಕೆ ಎಂದು ನಗಬೇಡಿ. 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ನಿಕೊ ಟಿನ್‌ಬರ್ಗೆನ್, ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಮುಂದೆ ಒರಟೊರಟಾದ ಬೊಂಬೆಗಳನ್ನು ಹಿಡಿದು ನೋಡಿದರು. ತದ್ರೂಪ ಮೀನಿನಂತಿದ್ದೂ ಹೊಟ್ಟೆ ಕೆಂಪಗಿರದ ಬೊಂಬೆಯನ್ನು ಗಂಡು ಮೀನು ಹೆಚ್ಚು ಲೆಕ್ಕಿಸಲಿಲ್ಲ. ಮೀನಿನ ಆಕಾರವೇ ಇಲ್ಲದ, ಕೆಳಗೆ ಕೆಂಪು ಬಳಿದ ಬೊಂಬೆಯ ಮೇಲೆ ಏರಿಹೋಯಿತು. ಪ್ರಾಣಿ ಇಡೀ ಚಿತ್ರವನ್ನು ನೋಡುವುದಿಲ್ಲ, ಒಂದೆರಡು ಗುರುತುಗಳನ್ನು ನೋಡುತ್ತದೆ. ಆ ಗುರುತು ಯಾವುದೆಂದು ಹುಡುಕುವುದೇ ಹುಸಿಎರೆ ಮಾಡುವವನ ಕೆಲಸ.

ಇನ್ನು ಪ್ರಯೋಗದ ವಿಧಾನ. ನೀವು ಮಾಡುವುದಾದರೆ ಕೊಕ್ಕೆ ಇಲ್ಲದೆ ಮಾಡಿ. ಹೌದು, ಕೊಕ್ಕೆಯಿಲ್ಲದ ಗಾಳ! ನಮಗೆ ತಿಳಿಯಬೇಕಾದದ್ದು ಮೀನು ಯಾವ ಕಪ್ಪೆಗೆ ಎರಗುತ್ತದೆ ಎಂಬುದು ಮಾತ್ರ. ಎರಗಿ, ಕಚ್ಚಿ, ರುಚಿ ಹತ್ತದೆ ಬಿಟ್ಟು ಹೋಗಲಿ. ಮರಲ್‌ನ ಹಲ್ಲು ಚೂಪು. ಚಪ್ಪಲಿಯ ಮೆತ್ತನೆಯ ರಬ್ಬರಿನ ಮೇಲೆ ಗುರುತು ಉಳಿಯುತ್ತದೆ. ತಲೆಗೆ ಕಚ್ಚಿತೋ, ಕಾಲಿಗೆ ಕಚ್ಚಿತೋ ಎಂಬ ದಾಖಲೆ ತಾನಾಗಿಯೇ ಸಿಗುತ್ತದೆ. ಕ್ಯಾಮರಾ ಇದಕ್ಕಿಂತ ಕಡಿಮೆ ಹೇಳುತ್ತದೆ ಎಂಬುದು ನನ್ನ ಅನುಭವ. ನಮ್ಮ ದೂರದರ್ಶನದ ಚಿತ್ರ ಸೆಕೆಂಡಿಗೆ 25 ಚೌಕಟ್ಟು. ಒಂದೊಂದರ ನಡುವೆ 40 ಮಿಲಿಸೆಕೆಂಡು. ಒಂದು ಚೌಕಟ್ಟಿನಲ್ಲಿ ತೇಲುವ ಕಪ್ಪೆ, ಮುಂದಿನದರಲ್ಲಿ ಬರಿಯ ನೊರೆ.

ಯಾವ ಕಪ್ಪೆ ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಎಸೆಯುವವರು ಒಬ್ಬರೇ ಇರಲಿ. ಒಂದು ಕಪ್ಪೆಯನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಎಸೆದು ಹೋಲಿಸಬೇಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬೇಟೆ ಚುರುಕು, ನಡುಹಗಲಿನಲ್ಲಿ ಮಂದ. ಒಂದಾದ ಮೇಲೊಂದು, ಒಂದೇ ಜೊಂಡಿನ ಅಂಚಿಗೆ ಎಸೆಯಬೇಕು. ಹಿಂಬಾಲಿಸಿ ಬಂದದ್ದು, ಎರಗಿದ್ದು, ಕಚ್ಚಿ ಹಿಡಿದದ್ದು, ಈ ಮೂರನ್ನೂ ಬೇರೆ ಬೇರೆ ಬರೆಯಿರಿ.

ಎಷ್ಟು ಸಲ ಎರಗಿದರೆ ನಂಬಬಹುದು? ಒಟ್ಟು 8 ಸಲ ಮೀನು ಎರಗಿತು, ಅದರಲ್ಲಿ 6 ಸಲ ಕುಂಟ ಕಪ್ಪೆಗೆ ಎಂದಿಟ್ಟುಕೊಳ್ಳಿ. ಗೆದ್ದೆವು ಎಂದು ಕುಣಿಯುವ ಮೊದಲು ಲೆಕ್ಕ ಹಾಕಿ. ಎರಡೂ ಕಪ್ಪೆ ಮೀನಿಗೆ ಸಮಾನವೇ ಆಗಿದ್ದರೂ, 8 ಸಲ ನಾಣ್ಯ ಚಿಮ್ಮಿದಾಗ 6 ಅಥವಾ ಹೆಚ್ಚು ಸಲ ರಾಜನ ತಲೆ ಬೀಳುವ ಸಾಧ್ಯತೆ 256ರಲ್ಲಿ 37, ಅಂದರೆ ನೂರಕ್ಕೆ 14ಕ್ಕಿಂತ ಹೆಚ್ಚು. ಇದು ಆಕಸ್ಮಿಕವಾಗಿಯೇ ಆಗಬಹುದು. ಅದೇ 5ಕ್ಕೆ 5ರಲ್ಲೂ ಕುಂಟ ಕಪ್ಪೆಯೇ ಆದರೆ ಸಾಧ್ಯತೆ 32ರಲ್ಲಿ 1; ಆಗ ಸ್ವಲ್ಪ ಕಿವಿಗೊಡಬಹುದು. ಇಲ್ಲಿ ಇನ್ನೊಂದು ತೊಡಕಿದೆ. ನಾಣ್ಯಕ್ಕೆ ನೆನಪಿಲ್ಲ, ಮೀನಿಗೆ ಇದೆ. 1970ರಲ್ಲಿ ಹಾಲೆಂಡಿನ ಬ್ಯೂಕೆಮಾ ಎಂಬ ವಿಜ್ಞಾನಿ ಕೊಳದಲ್ಲಿ ಪೈಕ್ ಎಂಬ ಬೇಟೆಗಾರ ಮೀನುಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ: ತಿರುಗುವ ಲೋಹದ ಹುಸಿಎರೆಗೆ ಒಮ್ಮೆ ಸಿಕ್ಕಿದ ಮೀನು ಆಮೇಲೆ ಅದರ ಹತ್ತಿರ ಸುಳಿಯುವುದು ಅಪರೂಪ, ಜೀವಂತ ಮೀನಿನ ಎರೆಗೆ ಮಾತ್ರ ಮತ್ತೆ ಬೀಳುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ ದಿನವಿಡೀ ಎಸೆದರೆ ನಿಮಗೆ ಸಿಗುವುದು ಕಪ್ಪೆಗಳ ಹೋಲಿಕೆಯಲ್ಲ, ಬೇಸತ್ತ ಒಂದೆರಡು ಮೀನುಗಳ ಅಭಿಪ್ರಾಯ.

ಭಾಲ್ಕಿ ತಾಲ್ಲೂಕಿನ ಒಂದು ಊರ ಕೆರೆಯಲ್ಲೂ ಔರಾದ್ ಕಡೆಯ ಮಾಂಜ್ರಾ ದಂಡೆಯಲ್ಲೂ ನಾವು ಎರಡೂ ಕಪ್ಪೆಗಳನ್ನು ಎಸೆದು ನೋಡಿದೆವು. ಎರಡಕ್ಕೂ ಮರಲ್ ಬಂತು. ಕುಂಟನ ಕಡೆ ಒಲವು ಹೆಚ್ಚು ಕಂಡರೂ, ಈಗಷ್ಟೇ ಹೇಳಿದ ಲೆಕ್ಕದಲ್ಲಿ ನಿಲ್ಲುವಷ್ಟು ಅಲ್ಲ. ನದಿಯ ಹರಿವಿನಲ್ಲಂತೂ ಎರಡು ಕಪ್ಪೆಗಳ ನಡಿಗೆಯ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನಿಂತ ನೀರೇ ಈ ಪರೀಕ್ಷೆಗೆ ಸರಿ.

ಆದರೆ ಆ ಕೆರೆಯಲ್ಲಿ ನೋಡಿದ್ದು ಇನ್ನೊಂದಿದೆ. ಮಳೆ ಹಿಡಿದು ಬಿಟ್ಟಿದ್ದ ಸಂಜೆ. ಜೊಂಡಿನ ನಡುವೆ ತಿಳಿನೀರಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಒಂದು ಮೋಡ ಕುದಿಯುವಂತೆ ಮಿಸುಕುತ್ತಿತ್ತು. ನಮ್ಮ ಜೊತೆಗಿದ್ದ ಕಾಲೇಜು ಹುಡುಗ, ಅಲ್ಲಿಗೇ ಎಸೆಯೋಣ, ದೊಡ್ಡ ಮೀನು ಪಕ್ಕದಲ್ಲೇ ಇದೆ ಎಂದ. ದಂಡೆಯ ಮೇಲೆ ಬಲೆ ಹೆಣೆಯುತ್ತಿದ್ದ ಮುದುಕರು ತಲೆಯೆತ್ತಿದರು.

“ತಡಿ ಬೇಟಾ, ಅಲ್ಲಿ ಒಗಿಬ್ಯಾಡ. ಅವು ಅದರ ಮರಿ.”

“ಕೊಕ್ಕಿ ಇಲ್ಲ ಕಾಕಾ, ಬರೇ ರಬ್ಬರ್ ಅದ,” ಎಂದ ಹುಡುಗ.

“ಅದಕ್ಕೇನ್ ಗೊತ್ತು? ಅದು ಮರಿ ಬಿಟ್ಟು ನಿನ್ನ ರಬ್ಬರಿನ ಹಿಂದ ಬರ್ತದ. ಅಷ್ಟರಾಗ ಉಳಿದ ಮೀನ ಮರಿ ತಿಂದು ಮುಗಸ್ತಾವ.”

ಜೀವಶಾಸ್ತ್ರದ ಪುಸ್ತಕದಲ್ಲಿ ಇರುವುದೂ ಇದೇ. ಮರಲ್ ಮೊಟ್ಟೆಯಿಟ್ಟು ಮರೆತುಬಿಡುವ ಮೀನಲ್ಲ. ಜೊಂಡನ್ನು ಸರಿಸಿ ಜಾಗ ಮಾಡಿಕೊಂಡು ಮೊಟ್ಟೆಯಿಡುತ್ತದೆ; ಮೊಟ್ಟೆಗಳು ಮೇಲೆ ತೇಲುತ್ತವೆ. ಆಮೇಲೆ ಮರಿಗಳು ಗುಂಪಾಗಿ ಮೇಲೆ ಕೆಳಗೆ ಆಡುವಷ್ಟು ಕಾಲವೂ ಹಿರಿಯ ಮೀನು ಅಡಿಯಲ್ಲಿ ಕಾವಲಿರುತ್ತದೆ. ಹತ್ತಿರ ಬಂದ ಕಪ್ಪೆ, ಹಾವು, ಮೀನು, ಯಾವುದರ ಮೇಲಾದರೂ ಎರಗುತ್ತದೆ. ಅಂದರೆ ಮರಿಗುಂಪಿನ ಮೇಲೆ ಎಸೆದರೆ ಯಾವ ಹುಸಿಎರೆಯಾದರೂ ಗೆಲ್ಲುತ್ತದೆ. ಕುಂಟ ಕಪ್ಪೆ ಏಕೆ, ಕಾಲಿನ ಚಪ್ಪಲಿಯನ್ನೇ ಎಸೆದರೂ ಬರಬಹುದು. ದೇಶದ ಹಲವೆಡೆ, ಹೊರಗೂ, ಮರಲ್ ಹಿಡಿಯುವ ಹವ್ಯಾಸಿಗಳಲ್ಲಿ ಕೆಲವರು ‘ಖಂಡಿತ ಸಿಗುವ ಜಾಗ’ ಎಂದು ಗುಟ್ಟಾಗಿ ಹೇಳಿಕೊಡುವುದು ಇದನ್ನೇ. ಅಲ್ಲಿ ಸಿಗುವುದು ಒಂದು ಮೀನು; ಹೋಗುವುದು ಆ ವರ್ಷದ ಇಡೀ ಗುಂಪು.

ನಮ್ಮ ಪ್ರಯೋಗದ ದೃಷ್ಟಿಯಿಂದಲೂ ಕಾಕಾ ಹೇಳಿದ್ದು ದೊಡ್ಡ ಮಾತು. ಹಸಿದು ಎರಗುವುದು ಒಂದು, ಕಾಯಲು ಎರಗುವುದು ಇನ್ನೊಂದು. ಕಾವಲಿನ ಮೀನಿಗೆ ಕಪ್ಪೆ ಕುಂಟೋ ನೇರವೋ ಬೇಕಿಲ್ಲ, ಅದು ಅಲ್ಲಿಂದ ತೊಲಗಬೇಕು ಅಷ್ಟೆ. ಅಂಥ ಎರಗುವಿಕೆಯನ್ನು ನಮ್ಮ ಪಟ್ಟಿಗೆ ಸೇರಿಸಿದರೆ ಎರಡು ಬೇರೆ ಬೇರೆ ವರ್ತನೆಗಳನ್ನು ಕೂಡಿಸಿದಂತಾಗಿ ಉತ್ತರ ಕೆಡುತ್ತದೆ. ನಾವು ಅಲ್ಲಿ ಎಸೆಯಲಿಲ್ಲ. ಹುಡುಗ ಸ್ವಲ್ಪ ಮುಖ ಸಣ್ಣ ಮಾಡಿಕೊಂಡ. ಆಮೇಲೆ ಕಾಕಾರ ಪಕ್ಕದಲ್ಲಿ ಕೂತು ಮರಿಗಳು ಎಷ್ಟು ಹೊತ್ತಿಗೊಮ್ಮೆ ಗಾಳಿಗೆ ಮೇಲೆ ಬರುತ್ತವೆ ಎಂದು ಗಡಿಯಾರ ನೋಡಿ ಬರೆಯತೊಡಗಿದ. ಅದೂ ಒಳ್ಳೆಯ ಪ್ರಯೋಗವೇ.

ಮರಲ್‌ಗೆ ಮರಿ ಮಾಡುವ ಮುಖ್ಯ ಕಾಲ ಮಳೆಗಾಲ. ಮುಂಗಾರು ಶುರುವಾದ ಮೇಲೆ ಜೊಂಡಿರುವ ಕೆರೆಗಳಲ್ಲಿ ಎಸೆಯುವುದನ್ನು ನಿಲ್ಲಿಸಿ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಪರೀಕ್ಷೆ ಇಟ್ಟುಕೊಳ್ಳುವುದು ಒಳ್ಳೆಯದು. ಬಾಳೆಮೀನಿನ ಮೇಲೆ ಈ ಕಪ್ಪೆಯನ್ನು ಪರೀಕ್ಷಿಸುವ ಆಸೆ ಬೇಡ; ಅದರ ಬೇಟೆ ಕತ್ತಲಲ್ಲಿ, ಆಳದ ನೀರಿನಲ್ಲಿ. ವಿದ್ಯಾರ್ಥಿಗಳು ಹೋಗುವ ಹೊತ್ತೂ ಅಲ್ಲ, ಜಾಗವೂ ಅಲ್ಲ. ಅದಲ್ಲದೆ ಆ ಮೀನು ಇಂದು ಅಪಾಯದ ಅಂಚಿನಲ್ಲಿರುವವುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಹೊರಡುವ ಮುನ್ನ ಒಪ್ಪಿಗೆ ಬೇಕು. ಕೆರೆಗಳ ಮೀನನ್ನು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಕೊಕ್ಕೆ ಇಲ್ಲದ ಗಾಳವೇ ಆದರೂ ಅವರನ್ನು ಕೇಳದೆ ಎಸೆದರೆ ಕಳ್ಳನೆಂದೇ ಭಾವಿಸುವರು, ಅದರಲ್ಲಿ ತಪ್ಪಿಲ್ಲ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆ ಇದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ಇಂದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ, ಅದರ ಕೇಂದ್ರ ಇರುವುದು ಸಮುದ್ರದಿಂದ ಇಷ್ಟು ದೂರದ ಬೀದರಿನಲ್ಲೇ ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ! ಮೀನಿನ ಬಗ್ಗೆ ಓದಬೇಕೆನ್ನುವವರು ಅದನ್ನೂ ನೆನಪಿನಲ್ಲಿಡಿ. ದಂಡೆಗೆ ಹಿರಿಯರೊಬ್ಬರನ್ನು ಕರೆದುಕೊಂಡೇ ಹೋಗಬೇಕು. ಹಿನ್ನೀರಿನ ಕೆಸರು ಮೇಲೆ ಗಟ್ಟಿಯಾಗಿ ಕಂಡು ಒಳಗೆ ಮೊಣಕಾಲುದ್ದ ಎಳೆದುಕೊಳ್ಳುತ್ತದೆ. ತುಂಡಾದ ನೈಲಾನ್ ದಾರವನ್ನು ಅಲ್ಲೇ ಬಿಡಬೇಡಿ. ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೋಟ್‌ಬುಕ್ಕಿನ ಪುಟಕ್ಕೆ ಗೆರೆ ಹಾಕುವಾಗ ತಾರೀಖು, ವೇಳೆ, ಮೋಡ, ಗಾಳಿ, ನೀರಿನ ತಿಳಿ, ಯಾವ ಕಪ್ಪೆ, ಹಿಂಬಾಲಿಸಿತೆ, ಎರಗಿತೆ, ಹಲ್ಲಿನ ಗುರುತು ಎಲ್ಲಿ, ಇಷ್ಟು ಕಾಲಂ ಇರಲಿ. ಇವೆಲ್ಲಕ್ಕಿಂತ ಮೊದಲ ಕಾಲಂ, ಎಸೆಯುವ ಮುಂಚೆಯೇ ತುಂಬಬೇಕಾದದ್ದು: ಮರಿಗುಂಪು ಕಂಡಿತೆ? ಕಂಡಿದ್ದರೆ ಜಾಗ ಬದಲಿಸಿ, ಮುಂದಿನ ಜೊಂಡಿಗೆ ಹೋಗಿ.